ಬಾಣಂತಿ ಕೋಣೆಯ ಗುಬ್ಬಿಗಳು

ಒಂದು ಕಾಲದಲ್ಲಿ ಮೂಡಲಗಿಯ ನಮ್ಮ ಓಣಿಯಲ್ಲಿ ನನಗೊಂದು ಹೆಸರಿತ್ತು. ಧಾರವಾಡದಲ್ಲಿ ಆರು ವರ್ಷ ಇದ್ದು, ತರ್ಕಶಾಸ್ತ್ರ ಓದಿ, ಎಂ.ಎ. ಮಾಡಿಕೊಂಡು ಬಂದವನಿಗೆ ಓಣಿ ಕೊಟ್ಟ ಮನ್ನಣೆ ಎಂದರೆ, ಮನೆಯೊಳಗೆ ಗೂಡು ಕಟ್ಟಿದ ಗುಬ್ಬಿಗಳನ್ನು ನೋಯಿಸದೆ ಹೊರಗೆ ಸಾಗಿಸುವವನು ಎಂಬುದು. ನನ್ನ ಓದಿಗೂ ಈ ಕೆಲಸಕ್ಕೂ ಇದ್ದ ಸಂಬಂಧ ಒಂದೇ: ಓದಿದ್ದರಿಂದ ಕೆಲಸ ಸ್ವಲ್ಪ ಕೆಟ್ಟಿತು.

ಇದನ್ನು ಈಗ ಬರೆಯಲು ಕಾರಣ, ನನ್ನ ತಂಗಿ ಹೋದ ವರ್ಷ ತೀರಿಕೊಂಡಳು. ಅವಳಿದ್ದಷ್ಟು ದಿನ ಬರೆಯುವಂತಿರಲಿಲ್ಲ. ಅವಳಿಲ್ಲದೆ ಬರೆಯುವುದರಲ್ಲಿ ಬೇರೆ ತೊಂದರೆಯಿದೆ. ನಾನು ಹೇಳಿದ್ದರಲ್ಲಿ ಅರ್ಧವನ್ನಾದರೂ "ಹಂಗ ಆಗಿಲ್ಲ" ಎಂದು ತಿದ್ದುವವರು ಈಗ ಯಾರೂ ಇಲ್ಲ, ಮತ್ತು ನನ್ನ ನೆನಪನ್ನು ನಾನು ಸಾಕ್ಷಿಯ ಕಟಕಟೆಗೆ ಹತ್ತಿಸುವವನಲ್ಲ. ಇದು ನಡೆದದ್ದು ಕನ್ನಡ ಜಿಲ್ಲೆಗಳೆಲ್ಲ ಒಂದು ರಾಜ್ಯವಾದ ಮರುವರ್ಷವೋ, ಅದರ ಮುಂದಿನ ವರ್ಷವೋ. ಬೇಸಿಗೆ ಎನ್ನುವುದು ಮಾತ್ರ ಖಾತ್ರಿ. ಏಕೆಂದರೆ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಲು ನಾಗನೂರಿನಿಂದ ಗೌಂಡಿ ಮುದುಕ ಬಂದಿದ್ದ.

ತಂದೆ ತೀರಿಕೊಂಡು ಮೂರು ವರ್ಷವಾಗಿತ್ತು. ಹೊಲವನ್ನು ಪಾಲಿಗೆ ಕೊಟ್ಟಿದ್ದೆವು. ಮನೆಯಲ್ಲಿ ಅವ್ವ ಮತ್ತು ನಾನು. ನಾನು ನೌಕರಿ ಹುಡುಕುತ್ತಿದ್ದೆ, ಅಂದರೆ ಅರ್ಜಿ ಬರೆದು ಹಾಕಿ ಊರಲ್ಲಿ ಸುತ್ತುತ್ತಿದ್ದೆ. ಒಂದು ವಾರ ಹಿತ್ತಲ ಬಾವಿಯ ನೀರಿನ ಮಟ್ಟವನ್ನು ದಿನಾ ಅಳೆದೆ, ಎಂಟನೆಯ ದಿನ ಬೇಸರ ಬಂದು ಬಿಟ್ಟೆ. ಇನ್ನೊಂದು ವಾರ, ದೇವರು ಮೈಮೇಲೆ ಬರುವ ಒಬ್ಬ ಹೆಂಗಸಿಗೆ ಕೇಳಲು ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಹೋದೆ. ಅವ್ವ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು.

ಅಂಥ ಹೊತ್ತಿನಲ್ಲಿ ತಂಗಿಯನ್ನು ಹುಕ್ಕೇರಿಯಿಂದ ಕರೆತಂದೆವು. ಸೀಮಂತದ ಕುಬಸ ಮುಗಿದಿತ್ತು, ಬಾಣಂತನ ನಮ್ಮಲ್ಲಿ. ಇದು ಅವಳ ಎರಡನೆಯ ಬಸಿರು. ಮೊದಲನೆಯದು ಹುಕ್ಕೇರಿಯಲ್ಲೇ ಏಳನೆಯ ತಿಂಗಳಿಗೆ ಹೋಗಿತ್ತು. ಅದಕ್ಕೆ ಎಂಟು ದಿನ ಮುಂಚೆ, ದೀಪಾವಳಿಯ ಸುಣ್ಣ ಹಚ್ಚುವಾಗ, ಆ ಮನೆಯವರು ಅಟ್ಟದ ಮೇಲಿದ್ದ ಪಾರಿವಾಳದ ಗೂಡನ್ನು ತೆಗೆದು ತಿಪ್ಪೆಗೆ ಎಸೆದಿದ್ದರು. ಗೂಡಿನಲ್ಲಿ ಮರಿಗಳಿದ್ದವು. ಬಸುರಿ ಇರುವ ಮನೆಯಲ್ಲಿ ಹಕ್ಕಿಯ ಗೂಡು ಕೆಡಿಸಬಾರದು ಎನ್ನುವುದನ್ನು ನಮ್ಮ ಕಡೆ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ತಂಗಿ ಆ ಎರಡನ್ನೂ ಒಂದಕ್ಕೊಂದು ಗಂಟು ಹಾಕಿಕೊಂಡಿದ್ದಳು.

ಒಂದಾದ ಮೇಲೆ ಇನ್ನೊಂದು ಆಯಿತೆಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ ಎಂದು ನಾನು ಅವಳು ಬಂದ ದಿನವೇ ಅರ್ಧ ತಾಸು ತಿಳಿಸಿ ಹೇಳಿದೆ. ಈ ತಪ್ಪಿಗೆ ಲ್ಯಾಟಿನ್ ಭಾಷೆಯಲ್ಲಿ ಒಂದು ಹೆಸರಿದೆ, ಅದನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಣ್ಣಾ, ಬಾಣಂತಿ ಖೋಲ್ಯಾಗ ಗುಬ್ಬಿ ಗೂಡು ಕಟ್ಟಾಕತ್ತಾವ. ನೋಡಿದೇನ?" ಎಂದಳು.

ನೋಡಿರಲಿಲ್ಲ.

ಒಳಗಿನ ಕೋಣೆಯಲ್ಲಿ, ಗೋಡೆಯ ಮೇಲೆ ತೊಲೆ ಕೂರುವ ಕಡೆ, ಒಂದು ಮುಷ್ಟಿ ಹೋಗುವಷ್ಟು ಸಂದು ಇತ್ತು. ಬೆಳಕಿಂಡಿಯಿಂದ ಇಳಿದು ಬರುವ ಜೋಡಿ ಗುಬ್ಬಿಗಳು ಅಲ್ಲಿ ಹುಲ್ಲು ತುಂಬುತ್ತಿದ್ದವು. ಅದರ ನೆಟ್ಟಗೆ ಕೆಳಗೆ ಬಾಣಂತಿಯ ಹೊರಸು, ಹಗ್ಗದ ಮಂಚ. ಮನೆಯಲ್ಲಿ ಗಾಳಿ ಬಡಿಯದ ಕೋಣೆ ಅದೊಂದೇ, ಹೊರಸು ಹಿಡಿಸುವ ಗೋಡೆಯೂ ಅದೊಂದೇ. ಹೆತ್ತ ಮೇಲೆ ನಲವತ್ತು ದಿನ ಆ ಹೊರಸಿನ ಕೆಳಗೆ ಕೆಂಡದ ಶೆಗಡಿ ಇರುತ್ತದೆ. ಮೇಲಿನಿಂದ ಉದುರುವ ಒಣಹುಲ್ಲು ಹೊರಸಿನ ಬದಿಯಿಂದ ಕೆಂಡದ ಮೇಲೆ ಬೀಳುತ್ತದೆ. ಗೂಡಿನ ಸಣ್ಣ ಹೇನುಗಳು ಕೂಸಿನ ಮೈಮೇಲೆ ಉದುರುತ್ತವೆ. ಹಿಂದಿನ ವರ್ಷ ಓಣಿಯ ಒಂದು ಕೂಸಿಗೆ ಹಾಗೆ ಮೈತುಂಬ ಗಂಧೆ ಎದ್ದಿದ್ದವು.

"ಗೂಡು ತೆಗಿಬ್ಯಾಡ. ತೆಗಿಲಾರದನೂ ಇರಬ್ಯಾಡ," ಎಂದಳು ಅವ್ವ.

"ಅದ್ಹೆಂಗ ಆಗತೈತಿ?"

"ನನಗೇನ ಗೊತ್ತು. ಧಾರವಾಡಕ್ಕ ಹೋಗಿ ಬಂದಾವ ನೀನು."

ಗೂಡಿನಲ್ಲಿ ಇನ್ನೂ ತತ್ತಿ ಇರಲಿಲ್ಲ. ತತ್ತಿ ಇಡುವವರೆಗೆ ಅದು ಗೂಡಲ್ಲ, ಬರೀ ಹುಲ್ಲು ಎಂದು ನಾನು ವಾದ ಹೂಡಿದೆ. ಅವ್ವ, ತಂಗಿ ಒಬ್ಬರ ಮುಖ ಒಬ್ಬರು ನೋಡಿ ಒಪ್ಪಿದರು. ಆ ಇಡೀ ಬೇಸಿಗೆಯಲ್ಲಿ ನಾನು ಗೆದ್ದ ಏಕೈಕ ವಾದ ಅದು. ಈಗ ಉಳಿದದ್ದು ಹುಲ್ಲು ತೆಗೆದು ಸಂದು ಮುಚ್ಚುವುದು. ಬೇರೆ ಯಾರಾದರೂ ಆಗಿದ್ದರೆ ಒಂದು ಹಿಡಿ ಕೆಸರು ಮೆತ್ತಿ ಕೈ ತೊಳೆದುಕೊಳ್ಳುತ್ತಿದ್ದರು. ನಾನಾದರೆ, ಕಟ್ಟಿಗೆ ಬಿಸಿಲಿಗೆ ಹಿಗ್ಗುತ್ತದೆ, ಕುಗ್ಗುತ್ತದೆ, ಕೆಸರು ಬಿರಿಯುತ್ತದೆ ಎಂದು ವಿಚಾರ ಮಾಡಿದೆ. ಹಿಗ್ಗಿ ಕುಗ್ಗುವ ವಸ್ತು ಬೇಕು. ಪಕ್ಕದ ಮನೆಯವರು ಗಾಡಿಯ ಅಚ್ಚು ಒರೆಸಲು ಗೋಕಾಕದ ಕಡೆಯಿಂದ ಗಿರಣಿಯ ರದ್ದಿ ಹತ್ತಿ ತರುತ್ತಿದ್ದರು. ಅದನ್ನು ಎರಡು ಬೊಗಸೆ ಕೇಳಿ ತಂದು ಸಂದಿಗೆ ಗಟ್ಟಿಯಾಗಿ ತುರುಕಿದೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಹತ್ತಿಯಲ್ಲಿ ಅರ್ಧ ಹೊರಗೆ ಬಂದಿತ್ತು. ಉಳಿದರ್ಧ ಒಳಗೆ ಅಚ್ಚುಕಟ್ಟಾಗಿ ಹಾಸಿಗೆಯಾಗಿತ್ತು. ಸುದ್ದಿ ಹೇಗೆ ಹಬ್ಬಿತೋ, ಓಣಿಯ ಬೇರೆ ಗುಬ್ಬಿಗಳೂ ಬೆಳಕಿಂಡಿಯಲ್ಲಿ ಸಾಲಾಗಿ ಬಂದು, ಒಂದೊಂದು ಎಳೆ ಕಚ್ಚಿಕೊಂಡು ಹೋಗುತ್ತಿದ್ದವು. ತಂಗಿ ಗೋಡೆಗೆ ಆತುಕೊಂಡು ಅದನ್ನು ನೋಡುತ್ತ ನಕ್ಕಳು.

"ಅಣ್ಣಾ, ಗಾದಿ ಹಾಸಿದಿ. ಇನ್ನೊಂದೆರಡ ತಲಿದಿಂಬೂ ಮಾಡಿ ಕೊಡು."

ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಹಾಗಾಗಿ ಹತ್ತಿಯ ಯೋಜನೆ ಪೂರ್ತಿ ವ್ಯರ್ಥವಾಯಿತು ಎನ್ನಲಾರೆ.

ಎರಡನೆಯ ಯೋಜನೆಗೆ ನಾನು ಬಸ್ಸು ಹತ್ತಿ ಗೋಕಾಕಕ್ಕೇ ಹೋದೆ. ಗುಬ್ಬಿ ಹದ್ದಿಗೆ ಹೆದರುತ್ತದೆ. ಗೋಕಾಕದಲ್ಲಿ ಕಟ್ಟಿಗೆಯ ಬಣ್ಣದ ಗೊಂಬೆ ಮಾಡುತ್ತಾರೆ. ಆದ್ದರಿಂದ ಗೋಕಾಕದಲ್ಲಿ ಒಂದು ಹದ್ದು ಮಾಡಿಸಿ ತೊಲೆಗೆ ಕಟ್ಟಬೇಕು. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಬರುವಂಥ ತೀರ್ಮಾನ. ಗೊಂಬೆ ಮಾಡುವವನು ಕಟ್ಟಿಗೆಯ ಒಂದು ಪೇರಲ ಹಣ್ಣಿಗೆ ಬಣ್ಣ ಬಳಿಯುತ್ತ ಕುಳಿತಿದ್ದ.

"ಹದ್ದ ಯಾಕ್ರಿ ಸಾಹೇಬ್ರ? ಗಿಳಿ ಒಯ್ರಿ. ನವಿಲ ಒಯ್ರಿ. ಈ ಹಣ್ಣ ನೋಡ್ರಿ, ಖರೇ ಹಣ್ಣಂತ ಮಂದಿ ಕಚ್ಚಿ ನೋಡತಾರ."

"ನನಗ ಹದ್ದೇ ಬೇಕು. ರೆಕ್ಕಿ ಬಿಚ್ಚಿರಬೇಕು. ನೋಡಿದ್ರ ಅಂಜಿಕಿ ಬರಬೇಕು."

"ಯಾರಿಗ್ರಿ?"

"ಗುಬ್ಬಿಗೆ."

ಅವನು ಕುಂಚ ಕೆಳಗಿಟ್ಟು ನನ್ನ ಮುಖ ನೋಡಿದ. "ಸಾಲಿ ಎಷ್ಟ ಕಲ್ತೀರಿ?" ಎಂದು ಕೇಳಿದ. ಹೇಳಿದೆ. "ಹಂಗಿದ್ರ ಎಂಟ ದಿನ ಬಿಟ್ಟ ಬರ್ರಿ," ಎಂದ. ಮನೆಯಲ್ಲಿ ಯಾರಿದ್ದಾರೆ, ಏನು ಕಥೆ ಎಂದು ಅವನು ವಿಚಾರಿಸಿದಾಗ ಬಸುರಿ ತಂಗಿಯ ವಿಷಯವನ್ನೂ ಹೇಳಿದ್ದು ನನ್ನ ತಪ್ಪು.

ಎಂಟು ದಿನ ಬಿಟ್ಟು ಹೋದಾಗ ಅವನು ಬಟ್ಟೆ ಸರಿಸಿ ತೋರಿಸಿದ. ರೆಕ್ಕೆ ಬಿಚ್ಚಿತ್ತು, ಕೊಕ್ಕೂ ಇತ್ತು. ಆದರೆ ಎರಡು ಕೈಗಳು ಎದೆಯ ಮುಂದೆ ಮುಗಿದಿದ್ದವು. ಹಣೆಗೆ ನಾಮ, ಕಿವಿಗೆ ಕುಂಡಲ, ತುಟಿಯಿಲ್ಲದ ಕೊಕ್ಕಿನಲ್ಲೂ ಹೇಗೋ ಒಂದು ಮುಗುಳ್ನಗೆ.

"ಇದು ಗರುಡ," ಎಂದೆ.

"ಹೌದ್ರಿ. ಬಸುರಿ ಹೆಣ್ಮಗಳ ಇರೂ ಮನಿಗೆ ಹದ್ದು ಮಾಡಿ ಕೊಡಾಕ ನನ್ನ ಕೈ ಬರಲಿಲ್ರಿ. ಗರುಡ ಅಂದ್ರೂ ಹದ್ದೇ ಅಲ್ಲೇನ್ರಿ? ಗುಬ್ಬಿಗೆ ಅಷ್ಟು ಫರಕ ತಿಳಿತೈತೇನು?"

ಅವನ ತರ್ಕದಲ್ಲಿ ನನಗೆ ಲೋಪ ಕಾಣಲಿಲ್ಲ. ಗುಬ್ಬಿಗೆ ವ್ಯತ್ಯಾಸ ತಿಳಿಯದಿದ್ದರೆ ಗರುಡನೂ ನಡೆಯುತ್ತದೆ. ತಂದು ತೊಲೆಗೆ ಕಟ್ಟಿದೆ. ಗುಬ್ಬಿಗೆ ವ್ಯತ್ಯಾಸ ತಿಳಿಯಿತು. ಗಂಡು ಗುಬ್ಬಿ ಸಂಜೆಯೊಳಗೆ ಗರುಡನ ಮುಗಿದ ಕೈಗಳ ಮೇಲೆ ಕುಳಿತು ಕೊಕ್ಕು ಉಜ್ಜಿಕೊಂಡಿತು. ಬೆಳಿಗ್ಗೆ ಅವ್ವ ಏಣಿ ಹಾಕಿಸಿಕೊಂಡು ಗರುಡನಿಗೆ ಕುಂಕುಮ ಹಚ್ಚಿದಳು. ಎರಡು ದಿನ ಬಿಟ್ಟು ಎದುರು ಮನೆಯ ಮುದುಕಿ ಊದಿನಕಡ್ಡಿ ತಂದಳು. ದೇವರು ಮೈಮೇಲೆ ಬರುವುದನ್ನು ಪ್ರಶ್ನಿಸಲು ಹೋದವನ ಮನೆಯಲ್ಲಿ, ಅವನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ದೇವರು.

ನಾನು ಗೋಕಾಕದ ದಾರಿ ಸವೆಸುವಷ್ಟರಲ್ಲಿ ಹೆಣ್ಣು ಗುಬ್ಬಿ ತತ್ತಿಯಿಟ್ಟು ಕಾವಿಗೆ ಕುಳಿತಿತ್ತು. ತತ್ತಿ ಐದಿದ್ದವು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಮರಿಯಾದದ್ದು ನಾಲ್ಕು. ಅದರಲ್ಲಿ ಅನುಮಾನವಿಲ್ಲ, ಏಕೆಂದರೆ ಆ ಸಂಖ್ಯೆಯನ್ನು ನಾನು ದಿನಕ್ಕೆ ಎರಡು ಸಲ ಬಾಯಿಬಿಟ್ಟು ಹೇಳಬೇಕಾಗಿ ಬಂತು. ತಂಗಿಗೆ ಏಣಿ ಹತ್ತುವಂತಿರಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ದೀಪ ಹಚ್ಚುವ ಮುಂಚೆ ಒಮ್ಮೆ, ಕೇಳುತ್ತಿದ್ದಳು.

"ಅಣ್ಣಾ, ನಾಕೂ ಅದಾವೇನ?"

"ನಾಕೂ ಅದಾವ."

ಒಂದು ದಿನ ಅವಳನ್ನು ರೇಗಿಸಲು, "ಇಲ್ಲಾ, ಒಂದ ಗೋಕಾಕಕ್ಕ ಹೋಗೇತಿ," ಎಂದೆ. ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. ಮೆಲ್ಲಗೆ ಹೇಳಿದಳು: "ಹುಕ್ಕೇರ್ಯಾಗ ಆ ಮರಿ ನಾ ನೋಡಿದ್ನಣ್ಣಾ. ತಿಪ್ಪ್ಯಾಗ ಬಿದ್ದು ಬಾಯಿ ತಕ್ಕೊಂಡಿದ್ದು. ನಾ ಎತ್ತಿ ಇಡಲಿಲ್ಲ." ಆ ದಿನ ನನಗೆ ಲ್ಯಾಟಿನ್ ನೆನಪಾಗಲಿಲ್ಲ.

ಸೂಲಗಿತ್ತಿ ಬಂದು ನೋಡಿ, "ಇನ್ನ ಹದಿನೈದ ದಿನ. ಇಪ್ಪತ್ತಂದ್ರ ಭಾಳಾತು," ಎಂದು ಹೇಳಿ ಹೋದಳು. ಮರಿಗಳಿಗೆ ಇನ್ನೂ ಪುಕ್ಕ ಬಂದಿರಲಿಲ್ಲ. ಅವು ಹಾರುವವರೆಗೆ ಕಾದರೆ ಹೆಣ್ಣು ಗುಬ್ಬಿ ಮತ್ತೆ ತತ್ತಿಯಿಡುತ್ತದೆ. ಗೂಡು ಮುಟ್ಟಿದರೆ ತಂಗಿ ಹೆದರಿಯೇ ಅರ್ಧ ಸಾಯುತ್ತಾಳೆ. ಮುಟ್ಟದಿದ್ದರೆ ಕೆಂಡ, ಹುಲ್ಲು, ಹೇನು. ಈ ಇಕ್ಕಟ್ಟಿನ ನಡುವೆ ಮಾಳಿಗೆಗೆ ಮಣ್ಣು ಹಾಕಲು ಗೌಂಡಿ ಬಂದ.

ಅಜ್ಜನ ಕಾಲದಲ್ಲಿ ನಮ್ಮ ಮನೆಯ ಗೋಡೆ ಎಬ್ಬಿಸಿದವರಲ್ಲಿ ಅವನೂ ಒಬ್ಬ. ಎಪ್ಪತ್ತು ದಾಟಿರಬೇಕು. ನಾನು ಅವನಿಗೆ ನನ್ನ ಮೂರನೆಯ ಯೋಜನೆ ಹೇಳಿದೆ: ಗೂಡನ್ನು ಹಾಗೇ ಎತ್ತಿ ಹಿತ್ತಲ ಗಿಡದಲ್ಲಿಡುತ್ತೇನೆ, ನೀನು ಸಂದು ಮೆತ್ತಿಬಿಡು.

"ಒಯ್ದಿಡತಿ, ಖರೆ. ಅವುಗಳ ತಾಯಿ ತಂದಿಗೆ ಯಾರ ಹೇಳವ್ರು, ನಿಮ್ಮ ಮಕ್ಕಳ ಹಿತ್ತಲದಾಗ ಅದಾವಂತ?" ಎಂದ.

"ಹುಡುಕತಾವ."

"ನೀ ಗುಬ್ಬಿ ಆಗಿದ್ರ ಹುಡುಕತಿದ್ದಿ ಬಿಡು, ಅಷ್ಟ ತಿರಗತಿ ಊರಾಗ." ಅವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಸೆರಗು ಬಾಯಿಗೆ ಹೋಯಿತು. ಮುದುಕ ಏಣಿ ಹತ್ತಿ, ಗೂಡಿಗೆ ಕೈ ತಾಗಿಸದೆ ನೋಡಿ ಇಳಿದ. "ಜೀಂವ ಒಳಗಿಟ್ಟು ನಾ ಮೆತ್ತೂದಿಲ್ಲ ತಮ್ಮಾ. ಒಂದ ಹಳೇ ಮಗಿ ಐತೇನ ಮನ್ಯಾಗ?"

ಅವ್ವ ಕಂಠ ಒಡೆದ ಒಂದು ಮಣ್ಣಿನ ಮಗಿ ತಂದುಕೊಟ್ಟಳು. ಅವನು ಅದರ ಬದಿಯನ್ನು ಉಳಿಯ ತುದಿಯಿಂದ ಕುಟ್ಟಿ ಕುಟ್ಟಿ ಅಂಗೈಯಷ್ಟು ಬಾಯಿ ಮಾಡಿದ. ಗುಬ್ಬಿಗಳು ಹೊರಗೆ ಹೋದ ಹೊತ್ತು ನೋಡಿ, ಗೂಡನ್ನು ಕೆಳಗಿನಿಂದ ಎರಡು ಕೈಯಲ್ಲಿ ಹಿಟ್ಟಿನ ಉಂಡೆಯಂತೆ ಎತ್ತಿ ಮಗಿಯೊಳಗಿಟ್ಟು, ಮಗಿಯನ್ನು ಆ ಸಂದಿನ ಬಾಯಿಗೇ ಹಗ್ಗದಿಂದ ಕಟ್ಟಿದ. ನಾವು ಕೋಣೆಯ ಹೊರಗೆ ನಿಂತೆವು. ಹೆಣ್ಣು ಗುಬ್ಬಿ ಬಂತು, ಸಂದಿಗೆ ಹೋಯಿತು, ಹೊರಗೆ ಬಂತು. ಮಗಿಯೊಳಗಿಂದ ಮರಿಗಳು ಕಿರುಚಿದವು. ಹೆಣ್ಣು ಗುಬ್ಬಿ ಮಗಿಯ ಬಾಯಿಗೆ ಕಾಲೂರಿ ತುತ್ತು ಕೊಟ್ಟಿತು. ತಂಗಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಇವತ್ತ ಇಲ್ಲೇ ಇರಲಿ," ಎಂದ ಮುದುಕ. "ನಾಳಿ ಒಂದ ಮೊಳ ಬಾಗಲ ಕಡೆ ಸರಸು. ನಾಡದ ಮತ್ತೊಂದ ಮೊಳ. ಹಿಂಗ ಹೊರಗಿನ ಗ್ವಾಡಿಗೆ ಹೋಗುತನಾ. ಒಂದ ಮೊಳ ಹೋದ್ರ ತಾಯಿಗೆ ಸಿಗತೈತಿ. ಅದಕಿಂತ ಹೆಚ್ಚ ಮಾಡಬ್ಯಾಡ. ಹೊರಗ ಮುಟ್ಟಿದ ಮ್ಯಾಲ ನನಗ ಹೇಳು, ಬಂದ ಮೆತ್ತತೇನಿ."

ಹೊರಗಿನ ಗೋಡೆಗೆ ಹತ್ತು ಹನ್ನೆರಡು ಮೊಳ. ಅಷ್ಟೇ ದಿನಗಳು. ಸೂಲಗಿತ್ತಿ ಹೇಳಿದ ದಿನಕ್ಕೆ ಸರಿಯಾಗಿ ಸಾಕು. ಮಾಡಬೇಕಾದದ್ದು ಇಷ್ಟೇ: ದಿನಕ್ಕೊಮ್ಮೆ ಏಣಿ ಹತ್ತಿ, ಮೊಳೆ ಹೊಡೆದು, ಒಂದು ಮೊಳ ಸರಿಸಿ, ಇಳಿಯುವುದು. ಎರಡು ದಿನ ಮಾಡಿದೆ. ಮೂರನೆಯ ದಿನ ನನಗೆ ಸಂಶಯ ಶುರುವಾಯಿತು. ಒಂದು ಮೊಳವೇ ಏಕೆ? ಎರಡೇಕಲ್ಲ? ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರೆಯೇ? ಮುದುಕ ಯಾರಿಂದಲೋ ಕೇಳಿದ್ದು, ಆ ಯಾರೋ ಇನ್ಯಾರಿಂದಲೋ ಕೇಳಿದ್ದು. ಎರಡು ಮೊಳ ಸರಿಸಿದೆ. ಗುಬ್ಬಿಗಳು ಒಂದೆರಡು ಸುತ್ತು ಹಾಕಿ ಬಂದವು. ನನಗೆ ಹಿಗ್ಗಾಯಿತು. ಮರುದಿನ ನಾಲ್ಕು ಮೊಳ ಸರಿಸಿದೆ. ನಾಲ್ಕು ಮೊಳ ಎಂದರೆ ಬಾಗಿಲು ದಾಟಿ ಪಡಸಾಲೆಗೆ.

ಗುಬ್ಬಿಗಳು ಬೆಳಕಿಂಡಿಯಿಂದ ಇಳಿದು ಕೋಣೆಯೊಳಗೆ, ಹಿಂದಿನ ದಿನ ಮಗಿ ಇದ್ದ ಜಾಗಕ್ಕೆ ಬರುತ್ತಿದ್ದವು. ಬಾಯಲ್ಲಿ ಹುಳ ಹಿಡಿದುಕೊಂಡೇ ಖಾಲಿ ಗೋಡೆಗೆ ರೆಕ್ಕೆ ಬಡಿದು, ಕಿರುಚಿ, ಅದೇ ಬೆಳಕಿಂಡಿಯಿಂದ ಹೊರಗೆ ಹೋಗುತ್ತಿದ್ದವು. ಬಾಗಿಲಿನಿಂದ ಈಚೆ ಬರುವುದು ಅವಕ್ಕೆ ಹೊಳೆಯಲಿಲ್ಲ. ನಾನು ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದೆ. ಈಗ ಬರುತ್ತವೆ, ಇನ್ನೊಂದು ಸ್ವಲ್ಪ ಹೊತ್ತು ಎನ್ನುತ್ತಿದ್ದೆ. ಮಗಿಯೊಳಗಿನ ಕೂಗು ಮೊದಲು ಜೋರಾಗಿತ್ತು, ಆಮೇಲೆ ಸಣ್ಣಗಾಯಿತು. ಅವ್ವ ತಂಗಿಯನ್ನು ಕರೆದುಕೊಂಡು ಅಂಕಲಗಿಯಿಂದ ಬಂದಿದ್ದ ಯಾರೋ ನೆಂಟರನ್ನು ನೋಡಲು ಆಚೆ ಓಣಿಗೆ ಹೋಗಿದ್ದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನನ್ನ ಧೈರ್ಯ ಹೋಗಿ, ಮಗಿಯನ್ನು ಬಿಚ್ಚಿ ಓಡಿ ಹಳೆಯ ಮೊಳೆಗೇ ಕಟ್ಟಿದೆ. ಗುಬ್ಬಿಗಳು ಬಂದೇಬಂದವು. ಮೂರು ಬಾಯಿಗಳು ತೆರೆದವು. ನಾಲ್ಕನೆಯದು ತೆರೆಯಲಿಲ್ಲ.

ಅಂಗೈಯಲ್ಲಿ ಅದಕ್ಕೆ ಭಾರವೇ ಇರಲಿಲ್ಲ. ಉಳಿದ ಮೂರರಷ್ಟೇ ಗಾತ್ರದ್ದು ಎಂದು ನಾನು ಮೊದಮೊದಲು ನೆನಪಿಟ್ಟುಕೊಂಡಿದ್ದೆ. ಹತ್ತು ವರ್ಷದ ಮೇಲೆ ನೆನೆದಾಗ ಅದು ಸ್ವಲ್ಪ ಸಣ್ಣದಿತ್ತು. ಈಗ ನೆನೆದರೆ ಅದು ಹುಟ್ಟಿನಿಂದಲೇ ಬಡಕಲು, ಹೇಗೂ ಉಳಿಯುವಂಥದ್ದಲ್ಲ. ಇನ್ನು ಸ್ವಲ್ಪ ವರ್ಷ ಬದುಕಿದರೆ, ನಾನು ಏಣಿ ಹತ್ತುವ ಮುಂಚೆಯೇ ಅದು ಸತ್ತಿತ್ತು ಎಂದು ನೆನಪಾದೀತು. ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ.

ಹಿತ್ತಲ ಕರಿಬೇವಿನ ಬುಡದಲ್ಲಿ ಕುಡಗೋಲಿನ ತುದಿಯಿಂದ ಒಂದು ಗೇಣು ತೋಡಿ ಹೂತೆ. ಮಣ್ಣು ಮುಚ್ಚಿ, ಮೇಲೆ ಒಣ ಎಲೆ ಹರಡಿ, ಕೈ ತೊಳೆದುಕೊಂಡು ಬಂದು ಪುಸ್ತಕ ತೆರೆದೆ. ಅವ್ವ, ತಂಗಿ ಬಂದರು. ಯಾರು ಮೊದಲು ಒಳಗೆ ಬಂದರೋ ನನಗೆ ನೆನಪಿಲ್ಲ, ಮತ್ತು ಅದು ನೆನಪಿದ್ದರೆ ಮುಂದಿನದು ಹೆಚ್ಚು ತಿಳಿಯುತ್ತಿತ್ತು.

"ನಾಕೂ ಅದಾವೇನ?" ಎಂದಳು ತಂಗಿ.

"ನಾಕೂ ಅದಾವ," ಎಂದೆ.

ಅಲ್ಲಿಂದ ಮುಂದೆ ದಿನಕ್ಕೊಂದೇ ಮೊಳ. ಅಳೆದು, ಗೋಡೆಗೆ ಇದ್ದಿಲಿನ ಗುರುತು ಹಾಕಿ. ಪ್ರತಿ ಸಲವೂ ಗುಬ್ಬಿಗಳು ಬಂದು ತುತ್ತು ಕೊಡುವವರೆಗೆ ಏಣಿಯ ಬುಡದಲ್ಲೇ ನಿಲ್ಲುತ್ತಿದ್ದೆ. ಬಾಗಿಲ ಚೌಕಟ್ಟಿನ ಮೇಲೆ ಒಂದು ದಿನ, ಅದರ ಈಚೆ ಬದಿಗೆ ಒಂದು ದಿನ. ಹಾಗೆ ಹೋದರೆ ಬಾಗಿಲು ದಾಟುವುದೂ ಅವಕ್ಕೆ ಕಷ್ಟವಾಗಲಿಲ್ಲ. ಮತ್ತು ದಿನಕ್ಕೆ ಎರಡು ಸುಳ್ಳು, ಬೆಳಿಗ್ಗೆ ಒಂದು, ಸಂಜೆ ಒಂದು. ಒಂದು ಮೂಢನಂಬಿಕೆಯನ್ನು ನಾನು ನಂಬುವುದಿಲ್ಲ. ನಂಬುವ ತಂಗಿ ಹೆದರಬಾರದೆಂದು ನಾನು ಸುಳ್ಳು ಹೇಳುತ್ತೇನೆ. ಸುಳ್ಳು ಹೇಳುವಾಗ ನನ್ನ ಅಂಗೈ ಬೆವರುತ್ತದೆ. ನಂಬದವನ ಅಂಗೈ ಏಕೆ ಬೆವರಬೇಕು ಎನ್ನುವುದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಮಗಿ ಹೊರಗಿನ ಗೋಡೆಗೆ, ಸೂರಿನ ಕೆಳಗೆ ಮುಟ್ಟಿದ ದಿನ ನಾಗನೂರಿಗೆ ಹೇಳಿ ಕಳಿಸಿದೆವು. ಮುದುಕ ಬಂದು ಮೊದಲು ಕೋಣೆಯ ಪ್ರತಿ ಸಂದಿಗೂ ಕಡ್ಡಿ ಹಾಕಿ ನೋಡಿ, ಚಪ್ಪಾಳೆ ತಟ್ಟಿ, ಒಳಗೆ ಯಾವ ಜೀವವೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಹೆಂಚಿನ ಚೂರು ಒತ್ತಿ, ಮೇಲೆ ಹೊಟ್ಟು ಸಗಣಿ ಕಲಸಿದ ಮಣ್ಣು ಮೆತ್ತಿದ. ಬೆಳಕಿಂಡಿಗೆ ಕಟ್ಟಲು ಹಿಡಕಲ್ ಕಡೆ ಹೊಳೆಯಲ್ಲಿ ಮೀನು ಹಿಡಿಯುವವರ ಹಳೆಯ ಬಲೆಯ ತುಂಡು ತಂದಿದ್ದ. ನಾನು ಒಂದು ಬದಿ ಹಿಡಿದುಕೊಂಡೆ.

"ಜಗ್ಗು. ಸಡ್ಲ ಬಿಟ್ರ ಅವುಗಳ ಕಾಲ ಸಿಗಬೀಳತಾವ," ಎಂದ. ಆಮೇಲೆ ಮಗಿಯ ಕಡೆ ನೋಡಿ, "ಎಷ್ಟು ದಿನದಾಗ ತಂದಿ?" ಎಂದು ಕೇಳಿದ. ಹೇಳಿದೆ. ಅವನು ಗೋಡೆಯ ಮೇಲಿನ ಮೊಳೆಗಳನ್ನು ಒಂದೊಂದಾಗಿ ನೋಡುತ್ತ ಬಂದು, ಮೊಳೆಗಳ ನಡುವೆ ಎರಡು ಮೊಳ ಅಂತರವಿದ್ದ ಆ ಒಂದು ಜಾಗದಲ್ಲಿ ಒಂದು ಗಳಿಗೆ ನಿಂತ. ಬಹುಶಃ ನಿಲ್ಲಲೇ ಇಲ್ಲ. ನಿಂತ ಎಂದು ನನ್ನ ತಪ್ಪಿತಸ್ಥ ಮನಸ್ಸು ಆಮೇಲೆ ಸೇರಿಸಿರಬಹುದು.

ಮೂರು ದಿನ ಬಿಟ್ಟು ಒಂದು ಬೆಳಿಗ್ಗೆ ಮರಿಗಳು ಹೊರಗೆ ಬಂದವು. ತಂಗಿ ಕಟ್ಟೆಯ ಮೇಲೆ ಕಂಬಕ್ಕೆ ಆತು ಕುಳಿತಿದ್ದಳು. ಅವ್ವ ಪಕ್ಕದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಒಂದು ಮರಿ ಮಗಿಯ ಬಾಯಿಯಲ್ಲಿ ಕುಳಿತು, ಹಾರಿ, ಎದುರಿನ ಗೋಡೆಗೆ ಹೋಗಿ ಬಡಿದುಕೊಂಡಂತೆ ಕುಳಿತಿತು. ಎರಡನೆಯದು. ಮೂರನೆಯದು ಬಹಳ ಹೊತ್ತು ಯೋಚಿಸಿ ಹಾರಿತು. ತಂಗಿ ಮಗಿಯನ್ನೇ ನೋಡುತ್ತ ಕಾದಳು. ನಾನೂ ಕಾದೆ, ಬೇರೆ ಏನು ಮಾಡಬೇಕೆಂದು ತಿಳಿಯದೆ.

"ಮೂರೇ ಬಂದುವಲ್ಲಣ್ಣಾ."

ನಾನು ಬಾಯಿ ತೆರೆದೆ. ಒಂಬತ್ತು ದಿನದಿಂದ ದಿನಕ್ಕೆರಡು ಸಲ ಬರುತ್ತಿದ್ದ ಸುಳ್ಳು ಆ ಹೊತ್ತಿಗೆ ಬರಲಿಲ್ಲ.

ಅವ್ವ ಮೊರದಿಂದ ತಲೆ ಎತ್ತದೆ ಹೇಳಿದಳು: "ಒಂದ ನಸಿಕಿನ್ಯಾಗ ಹೋತು. ಕಸಾ ಹೊಡಿಯಾಕ ಬಂದಾಗ ನಾ ನೋಡೀನಿ. ಕರಿಬೇವಿನ ಗಿಡದ ಕಡೆ ಹೋತು."

"ಖರೇನ ಯವ್ವಾ?"

"ನಿನ್ನ ಮುಂದ ಸುಳ್ಳ ಯಾಕ ಹೇಳಲಿ? ಎದ್ದ ಒಳಗ ನಡಿ, ಬಿಸಲ ಬಂತು."

ಹಿತ್ತಲಲ್ಲಿ ಬೇವಿತ್ತು, ನುಗ್ಗೆಯಿತ್ತು, ಪೇರಲವಿತ್ತು. ಅವ್ವ ಕರಿಬೇವನ್ನೇ ಹೇಳಿದಳು. ಅದರ ಬುಡದಲ್ಲಿ ಹೊಸದಾಗಿ ತೋಡಿದ ಮಣ್ಣು ಅವಳ ಕಣ್ಣಿಗೆ ಬಿದ್ದಿರಬೇಕು. ಅವಳು ಆಗ ನನ್ನ ಕಡೆ ನೋಡಲಿಲ್ಲ, ಆಮೇಲೆ ಎಂದೂ ಆ ಮಾತೆತ್ತಲಿಲ್ಲ. ಬಸುರಿಯ ಮನೆಯಲ್ಲಿ ಮರಿ ಸತ್ತರೆ ಏನಾಗುತ್ತದೆಂದು ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವಳು ಅವಳು. ಆ ಹೆದರಿಕೆಯನ್ನು ಎಷ್ಟು ದಿನದಿಂದ ಒಬ್ಬಳೇ ಹೊತ್ತುಕೊಂಡು ಜೋಳ ಹಸನು ಮಾಡುತ್ತಿದ್ದಳೋ.

ಐದಾರು ದಿನ ಬಿಟ್ಟು ಒಂದು ಮುಂಜಾನೆ ತಂಗಿಗೆ ನೋವು ಶುರುವಾಯಿತು. ಸೂಲಗಿತ್ತಿ, ಅವ್ವ ಒಳಗೆ. ನಾನು ಹೊರಗೆ ಕಟ್ಟೆಯ ಮೇಲೆ. ಸತ್ತ ಮರಿಗೂ ಒಳಗಿನ ಕೂಗಿಗೂ ಯಾವ ಸಂಬಂಧವೂ ಇಲ್ಲ ಎಂದು ನಾನು ನೂರು ಸಲ ಹೇಳಿಕೊಂಡಿರಬೇಕು. ಒಂದೇ ಸಲ ಸಾಕಾಗಬೇಕಿತ್ತು. ಬಿಸಿಲೇರಿದ ಮೇಲೆ ಕೂಗು ನಿಂತು ನಿಂತು ಬರತೊಡಗಿದಾಗ ನಾನು ಎದ್ದು ಹಿತ್ತಲಿಗೆ ಹೋಗಿ, ಬಾವಿಯಿಂದ ಒಂದು ಕೊಡ ನೀರು ಸೇದಿ ಕರಿಬೇವಿನ ಬುಡಕ್ಕೆ ಹಾಕಿದೆ. ಬೇಸಿಗೆ, ಗಿಡ ಬಾಡಿತ್ತು ಎಂದು ಈಗ ವಾದಿಸಬಲ್ಲೆ. ಬಾಕಿ ಯಾವ ಗಿಡಕ್ಕೂ ನಾನು ಅವತ್ತು ನೀರು ಹಾಕಲಿಲ್ಲ.

ಕೊಡ ಕೆಳಗಿಡುವಾಗ ಕೂಸು ಅತ್ತಿತು. ಹೆಣ್ಣು. ತಾಯಿ, ಮಗು ಇಬ್ಬರೂ ಗಟ್ಟಿ.

ಹದಿಮೂರನೆಯ ದಿನ ಹೆಸರಿಟ್ಟು ತೊಟ್ಟಿಲಿಗೆ ಹಾಕಿದರು. ಅಷ್ಟರಲ್ಲಿ ನನ್ನ ತಲೆ ಮತ್ತೆ ಕೆಲಸ ಮಾಡತೊಡಗಿತ್ತು. ನನ್ನ ಕೈಯಲ್ಲಿದ್ದದ್ದು ಎಂಥ ಪುರಾವೆ ಎಂದು ಹೊಳೆಯಿತು. ಮರಿ ಸತ್ತಿದೆ, ಕೂಸು ಬದುಕಿದೆ. ನಂಬಿಕೆ ಸುಳ್ಳು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಇಡೀ ತಾಲ್ಲೂಕಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ಹೇಳಿಬಿಟ್ಟರೆ ತಂಗಿಯ ಎದೆಯ ಮೇಲಿನ ಹುಕ್ಕೇರಿಯ ತಿಪ್ಪೆಯ ಭಾರವೂ ಇಳಿಯುತ್ತದೆ ಎಂದುಕೊಂಡೆ. ಪೂರ್ವಪಕ್ಷ, ಉತ್ತರಪಕ್ಷ ಎಲ್ಲ ಹೊಂದಿಸಿಕೊಂಡು ಬಾಣಂತಿ ಕೋಣೆಯ ಬಾಗಿಲಿಗೆ ಹೋದೆ. ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಮೇಲೆ ಮೆತ್ತಿದ ಸಂದನ್ನು ನೋಡುತ್ತಿದ್ದಳು.

"ಬಾ ಅಣ್ಣಾ. ನೀ ನಾಕೂ ಮರಿ ಉಳಿಸಿದೆಲ್ಲ, ಅದಕ್ಕ ಇದು ಉಳಿತು," ಎಂದಳು. "ನಾ ಅವತ್ತ ಒಂದ ಎತ್ತಿ ಇಡಲಿಲ್ಲ. ನೀ ನನ್ನ ಪಾಲಿಂದೂ ಮಾಡಿದಿ."

ನಾನು ಕೂಸಿಗೆ ಕೂದಲು ಬಹಳ ಇದೆ ಎಂದೆ. ಇನ್ನೂ ಏನೋ ಹೇಳಿದೆ. ಹೊಂದಿಸಿಕೊಂಡು ಹೋದದ್ದರಲ್ಲಿ ಒಂದು ಮಾತನ್ನೂ ಹೇಳಲಿಲ್ಲ. ಹೀಗೆ, ಆ ನಂಬಿಕೆಯನ್ನು ಸುಳ್ಳು ಮಾಡಬಲ್ಲ ಸಾಕ್ಷಿದಾರನೇ, ಅದಕ್ಕೆ ಓಣಿಯಲ್ಲಿ ಹೊಸ ಬಲ ತಂದುಕೊಟ್ಟ. ನೋಡಲು ಬಂದ ಹೆಂಗಸರಿಗೆಲ್ಲ ತಂಗಿ ಮಗಿ ತೋರಿಸಿ ಕಥೆ ಹೇಳಿದಳು. ಅವ್ವ ಅವರಿಗೆ ಹಾಲು ಸಕ್ಕರೆ ಕೊಟ್ಟಳು.

ಮಳೆ ಹತ್ತುವ ಮೊದಲು, ನಮ್ಮಿಂದ ನಾಲ್ಕನೆಯ ಮನೆಯಿಂದ ನನಗೆ ಕರೆ ಬಂತು. ಆರು ತಿಂಗಳ ಬಸುರಿ, ಚೊಚ್ಚಲು. ಅಡುಗೆಮನೆಯ ಜಂತಿಯಲ್ಲಿ ಗುಬ್ಬಿ ಮರಿ ಮಾಡಿತ್ತು, ಹುಲ್ಲು ಒಲೆಯ ಮೇಲೆ ಬೀಳುತ್ತಿತ್ತು. ನಾನು ಹೋಗುವಷ್ಟರಲ್ಲಿ ಅವರು ಒಂದು ಮಗಿಯನ್ನು ತೊಳೆದು, ಬದಿಗೆ ಬಾಯಿ ಮಾಡಿ ಇಟ್ಟಿದ್ದರು. ಆ ಹೆಣ್ಣುಮಗಳು ಜಂತಿಯ ಕೆಳಗೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಒಂದೂ ಸಾಯೂದಿಲ್ಲಲ್ರಿ ಅಣ್ಣಾರ?" ಎಂದು ಕೇಳಿದಳು.

ಖರೆ ಹೇಳಿದರೆ ಅವಳು ನನಗೆ ಏಣಿ ಹತ್ತಗೊಡುತ್ತಿರಲಿಲ್ಲ. ಹತ್ತದಿದ್ದರೆ ಯಾರೋ ಕೋಲಿನಿಂದ ಗೂಡು ಕೆಡವುತ್ತಿದ್ದರು. ಇದು ನಾನು ಈಗ ಕೊಡುತ್ತಿರುವ ಕಾರಣ. ಆಗ ಯೋಚಿಸಿದ ನೆನಪಿಲ್ಲ.

"ಇಲ್ಲವ್ವಾ," ಎಂದೆ. ಜಂತಿಯಿಂದ ಹೊರಗಿನ ಬಾಗಿಲಿಗೆ ಮೊಳ ಹಾಕಿದೆ. ಹದಿನಾಲ್ಕು ಬಂತು. ಹದಿನಾಲ್ಕು ದಿನ ಬೆಳಿಗ್ಗೆ ಬರುತ್ತೇನೆ, ನಾನು ಬರದೆ ಯಾರೂ ಮಗಿ ಮುಟ್ಟಬಾರದು ಎಂದು ಹೇಳಿ, ಗುಬ್ಬಿಗಳು ಹೊರಗೆ ಹೋಗುವುದನ್ನು ಕಾಯುತ್ತ ಒಲೆಯ ಪಕ್ಕ ಕುಳಿತೆ.